ಸಮಾಧಿಗಳನ್ನು ಕಾಯ್ದ ಕೈಗಳಿಗೆ ನಮಸ್ಕಾರ

ಕೊಚ್ಚಿ ಯೆಹೂದಿಗಳ ಸಮಾಧಿ ಸ್ಥಳಗಳ ಕುರಿತ ನಮ್ಮ ಸಾಕ್ಷ್ಯಚಿತ್ರ ಕಡೆಗೂ ತೆರೆ ಕಂಡಿತು. ಮೊದಲ ಪ್ರದರ್ಶನ ಆ ಯೆಹೂದಿಗಳು ಬಾಳಿದ ಕೊಚ್ಚಿಯ ಮಟ್ಟಂಚೇರಿಯಲ್ಲೇ ಆಗಬೇಕೆಂದು ಹಟ ಹಿಡಿದಿದ್ದೆವು, ಅದೂ ನೆರವೇರಿತು. ಚಿತ್ರದ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿ ಬಹಳ ಚಿಕ್ಕದು. ನೆರವಾದವರಲ್ಲಿ ಎಷ್ಟೋ ಮಂದಿ ತಮ್ಮ ಹೆಸರು ಬೇಡವೆಂದರು. ಅವರ ಇಚ್ಛೆಯನ್ನು ಮೀರದೆ, ಹೆಸರು ಹೇಳದೆಯೇ ಅವರನ್ನು ಇಲ್ಲಿ ನೆನೆಯುತ್ತೇನೆ.

ಮೊದಲು, ಮಟ್ಟಂಚೇರಿಯಲ್ಲಿರುವ ನೆಹೆಮಿಯಾ ಮೋಟರ ಸಮಾಧಿಯ ನೆರೆಮನೆಯ ಚೇಚಿಗೆ (ಮಲಯಾಳಂನಲ್ಲಿ ಚೇಚಿ ಎಂದರೆ ಅಕ್ಕ). ನೆಹೆಮಿಯಾ ಕವಿ, ಯೆಹೂದಿ ಅನುಭಾವಿ. 1615ರ ಕೊನೆಯಲ್ಲಿ, ಯೆಹೂದಿಗಳ ದೀಪದ ಹಬ್ಬವಾದ ಹನುಕ್ಕಾ ಆರಂಭವಾಗುವ ದಿನವೇ ತೀರಿಕೊಂಡರೆಂದು ಅವರ ಸಮಾಧಿಯ ಬರಹ ಹೇಳುತ್ತದೆ. ಸುತ್ತಲಿದ್ದ ಹಳೆಯ ಸ್ಮಶಾನ ಎಂದೋ ಮರೆಯಾಗಿ ಮನೆಗಳು ಎದ್ದಿವೆ. ಈ ಒಂದು ಸಮಾಧಿ ಮಾತ್ರ ಉಳಿದಿದೆ. ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇಲ್ಲಿಗೆ ಹರಕೆ ಹೊತ್ತು ಬರುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ. ಕಟ್ಟೆಯ ಮೇಲೆ ಇಳಿದು ಗಟ್ಟಿಯಾದ ಮೇಣವನ್ನು ಚೇಚಿ ಹಳೆಯ ಚಾಕುವೊಂದರಿಂದ ಕೆರೆದು ತೆಗೆಯುತ್ತಾರೆ. ಸುಣ್ಣದ ಪದರ ಏಳದ ಹಾಗೆ, ಚಾಕುವನ್ನು ಮಲಗಿಸಿ ಹಿಡಿದು. ಯಾರೂ ಹೇಳಿದ ಕೆಲಸವಲ್ಲ, ಕೂಲಿಯೂ ಇಲ್ಲ. ನಮ್ಮ ಬ್ಯಾಟರಿಗಳೆಲ್ಲ ಚಾರ್ಜ್ ಆದದ್ದು ಅವರ ಅಡುಗೆಮನೆಯಲ್ಲಿ. ಕರೆಂಟಿನ ದುಡ್ಡು ಕೊಡಲು ಹೋದರೆ ಚಹಾ ಕೊಟ್ಟು ಕಳಿಸಿದರು. ಚೇಚಿ, ನಿಮ್ಮ ಕೈ ಚಿತ್ರದಲ್ಲಿದೆ. ನೀವು ಬೇಡವೆಂದದ್ದರಿಂದ ಮುಖವನ್ನು ತೋರಿಸಿಲ್ಲ.

ಸಮಾಧಿ ಇದೆ, ವಾರಸುದಾರರು ಇಲ್ಲ. ಹೀಗೇಕೆ ಎಂದು ಪ್ರದರ್ಶನದ ನಂತರ ಹಲವರು ಕೇಳಿದರು. ಕೇರಳದಲ್ಲಿ ಯೆಹೂದಿಗಳ ಬದುಕು ಬಹಳ ಹಿಂದಿನದು. ಚೇರ ಅರಸ ಭಾಸ್ಕರ ರವಿವರ್ಮ ಯೆಹೂದಿ ಮುಖಂಡ ಜೋಸೆಫ್ ರಬ್ಬಾನನಿಗೆ ಕೊಟ್ಟ ತಾಮ್ರಶಾಸನಕ್ಕೇ ಸುಮಾರು ಸಾವಿರ ವರ್ಷ. ಮಟ್ಟಂಚೇರಿ ಅರಮನೆಯ ಮಗ್ಗುಲಲ್ಲಿರುವ ಪರದೇಶಿ ಸಿನಗಾಗ್ (ಯೆಹೂದಿಗಳ ಪ್ರಾರ್ಥನಾ ಮಂದಿರ) 1568ರದ್ದು. 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ಮೇಲೆ, ಅದರಲ್ಲೂ ಐವತ್ತರ ದಶಕದಲ್ಲಿ, ಊರಿಗೆ ಊರೇ ಎನ್ನುವ ಹಾಗೆ ಜನ ಹೊರಟುಹೋದರು. ಸತ್ತವರನ್ನು ನೆರೆಹೊರೆಯವರ ಸುಪರ್ದಿಗೆ ಬಿಟ್ಟು ಹೋಗದೆ ಅವರಿಗೆ ಬೇರೆ ದಾರಿ ಇರಲಿಲ್ಲ.

ಕೊಚ್ಚಿಯ ಉತ್ತರಕ್ಕಿರುವ ಚೇಂದಮಂಗಲಂ ಊರಿನ ಕಲ್ಲಿಗಾಗಿ ಇಬ್ಬರಿಗೆ ಋಣಿ. ಅಲ್ಲಿನ ಸಿನಗಾಗ್‌ನ ಮುಂದೆ ನಿಂತಿರುವ ಆ ಗೋರಿಗಲ್ಲು ಇಸ್ರಾಯೇಲನ ಮಗಳು ಸಾರಾಳದ್ದು, 1269ರ ಕಾಲದ್ದು. ಭಾರತದಲ್ಲಿ ಸಿಕ್ಕಿರುವ ಅತಿ ಹಳೆಯ ಹೀಬ್ರೂ ಬರಹ ಇದೇ ಎನ್ನುತ್ತಾರೆ. ನಡುಹಗಲಿನ ಬಿಸಿಲಿನಲ್ಲಿ ನೋಡಿದರೆ ಅದು ಬರಿಯ ಕಲ್ಲು. ನಮ್ಮ ಛಾಯಾಗ್ರಾಹಕ ಗೆಳೆಯ ಸಂಜೆಯವರೆಗೆ ಕಾದು, ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದ. ಗೆರೆಗೆರೆಯಲ್ಲೂ ನೆರಳು ತುಂಬಿ ಅಕ್ಷರಗಳು ಎದ್ದುಬಂದವು. ಹೀಬ್ರೂ ಬಲ್ಲ ಸ್ನೇಹಿತೆ ಬಲದಿಂದ ಎಡಕ್ಕೆ ಬೆರಳಾಡಿಸುತ್ತ ಗಟ್ಟಿಯಾಗಿ ಓದಿದಳು. ಹಿನ್ನೆಲೆ ಸಂಗೀತ ಬೇಡವೆಂದು ಹೇಳಿದವಳೂ ಅವಳೇ. ಅದು ಸರಿಯಾದ ಮಾತಾಗಿತ್ತು.

ಈ ಸಮುದಾಯವನ್ನು ಬರೀ ಹೊಗಳಿ ಚಿತ್ರ ಮುಗಿಸಬೇಡಿ ಎಂದ ಹಿರಿಯರೊಬ್ಬರಿಗೆ ವಿಶೇಷ ವಂದನೆ. ದಾಸ್ಯದಿಂದ ಬಿಡುಗಡೆ ಹೊಂದಿದವರ ಸಂತತಿ ಎಂಬ ಕಾರಣಕ್ಕೆ, ಪರದೇಶಿ ಸಿನಗಾಗ್‌ನಲ್ಲಿ ಕೆಲವರನ್ನು ತಲೆಮಾರುಗಳ ಕಾಲ ಸಮನಾಗಿ ಕಾಣಲಿಲ್ಲ. ಅದೇ ಕುಲದಲ್ಲಿ ಹುಟ್ಟಿದ ವಕೀಲ ಎ. ಬಿ. ಸೇಲಂ ಸತ್ಯಾಗ್ರಹದ ಹಾದಿ ಹಿಡಿದರು. ಅವರನ್ನು ಯೆಹೂದಿ ಗಾಂಧಿ ಎಂದು ಕರೆಯುವುದು ಸುಮ್ಮನೆ ಅಲ್ಲ. ಆ ಭಾಗ ಸೇರಿದ್ದರಿಂದ ಚಿತ್ರಕ್ಕೆ ಬೆನ್ನೆಲುಬು ಬಂತು.

ಕೊಚ್ಚಿ ಯೆಹೂದಿಗಳು ಹೋಗಿ ನೆಲೆಸಿದ ಇಸ್ರೇಲಿನ ನೆವಾಟಿಂ ಹಳ್ಳಿಯಿಂದ ವಿಡಿಯೊ ಕರೆಯಲ್ಲಿ ಮಲಯಾಳಂ ಹಾಡು ಹೇಳಿದ ಅಜ್ಜಿಯರೇ, ನಿಮಗೆ ಎಷ್ಟು ವಂದಿಸಿದರೂ ಸಾಲದು. ಚಿಕ್ಕಂದಿನಲ್ಲಿ ಹಡಗು ಹತ್ತಿದ ನೀವು ತಾಯಂದಿರು ಕೈಯಲ್ಲಿ ಬರೆದುಕೊಂಡ ಹಾಡಿನ ಪುಸ್ತಕಗಳನ್ನು ಇನ್ನೂ ಜೋಪಾನ ಮಾಡಿದ್ದೀರಿ. ಹಾಡು ಮುಗಿಸಿ ನೀವು ಕೇಳಿದ್ದು ಒಂದೇ: ಅಜ್ಜನ ಗೋರಿ ಈಗ ಹೇಗಿದೆ?

ಮಟ್ಟಂಚೇರಿಯ ಪರದೇಶಿ ಯೆಹೂದಿಗಳಲ್ಲಿ ಉಳಿದಿದ್ದ ಕೊನೆಯ ಮಹಿಳೆ ಕ್ವೀನಿ ಹಲ್ಲೇಗುವಾ 2024ರ ಆಗಸ್ಟಿನಲ್ಲಿ ತೀರಿಕೊಂಡಾಗ ನಾವು ಕ್ಯಾಮೆರಾವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಅದಕ್ಕೆ ಚಕಾರವೆತ್ತದ ನಿರ್ಮಾಪಕರಿಗೂ ಕೃತಜ್ಞತೆ ಸಲ್ಲಬೇಕು.

ಇನ್ನು ಮಾಳ. ತ್ರಿಶೂರು ಜಿಲ್ಲೆಯ ಈ ಊರಿನ ಯೆಹೂದಿಗಳು ಹೊರಡುವ ಮುನ್ನ, 1955ರಲ್ಲಿ, ತಮ್ಮ ಸ್ಮಶಾನವನ್ನು ಪಂಚಾಯಿತಿಗೆ ಒಪ್ಪಿಸಿದರು. ಕಾಪಾಡಬೇಕೆಂಬುದು ಕರಾರು. ಮುಂದೆ ಅದರ ಒಂದು ಭಾಗ ಕ್ರೀಡಾಂಗಣಕ್ಕೆ ಹೋಯಿತು. ಬೆರಳೆಣಿಕೆಯ ಗೋರಿಗಳು ಮಾತ್ರ ಈಗ ಕಣ್ಣಿಗೆ ಬೀಳುತ್ತವೆ. ಇದನ್ನು ಎದುರಿಸಿ ಅರ್ಜಿ ಬರೆದವರು, ಕಚೇರಿ ಅಲೆದವರು ಆ ಊರಿನವರೇ, ಅವರಲ್ಲಿ ಯಾರೂ ಯೆಹೂದಿಗಳಲ್ಲ. ತಮ್ಮ ಊರಿನವರ ಬೈಗುಳವನ್ನೂ ಉಂಡಿದ್ದಾರೆ. ಅವರು ತಮ್ಮ ಕಡತಗಳನ್ನು ನಮ್ಮೆದುರು ಬಿಚ್ಚಿಟ್ಟರು, ಮಳೆಯಲ್ಲಿ ಕೊಡೆ ಹಿಡಿದು ಕ್ಯಾಮೆರಾ ಕಾಯ್ದರು. ಕೊಟ್ಟ ಮಾತು ಕಾಗದದಲ್ಲಷ್ಟೇ ಉಳಿಯಬಾರದೆಂಬ ಅವರ ಹಟವೇ ನಮ್ಮನ್ನು ಈ ಚಿತ್ರದ ಕೆಲಸಕ್ಕೆ ಮತ್ತೆ ಮತ್ತೆ ಎಳೆದು ತಂದಿತು.

ಕನ್ನಡದ ನಿರೂಪಣೆಯನ್ನು ತಿದ್ದಿದ ಬೆಂಗಳೂರಿನ ಗೆಳೆಯರಿಗೆ, ದುಡ್ಡು ಮುಗಿದಾಗ ಕೈಲಾದಷ್ಟು ಕಳಿಸಿದ ಎಲ್ಲರಿಗೆ, ವರ್ಷಗಟ್ಟಲೆ ನನ್ನ ಗೈರುಹಾಜರಿಯನ್ನು ಸಹಿಸಿದ ಮನೆಯವರಿಗೆ ಮನಸಾರೆ ವಂದನೆಗಳು.

ಮುಂದಿನ ಪ್ರದರ್ಶನ ಮಾಳದಲ್ಲಿ. ಪರದೆ, ಪ್ರೊಜೆಕ್ಟರ್ ನಮ್ಮದು. ಕುರ್ಚಿಗಳ ಹೊಣೆಯನ್ನು ಆ ಊರಿನವರು ಆಗಲೇ ವಹಿಸಿಕೊಂಡಿದ್ದಾರೆ. ಪಂಚಾಯಿತಿ ಸದಸ್ಯರಿಗೂ ಆಹ್ವಾನ ಕಳಿಸಿದ್ದೇವೆ. ಅವರು ಬರಬೇಕೆಂದು ನಮ್ಮ ವಿನಂತಿ.