ಹಳೇ ಕನ್ಸೋಲ್ ಗುಜರಿಗೆ ಹಾಕುವ ಮುಂಚೆ

ಮಾನ್ಯ ಸಂಪಾದಕರೇ,

ಹಳೇ ಸಿನಿಮಾ ಹಾಡಿನ ಧ್ವನಿ ಈಗ ಲ್ಯಾಪ್‌ಟಾಪ್‌ನಲ್ಲಿ ಒಂದೇ ಕ್ಲಿಕ್‌ಗೆ ಸಿಗುತ್ತದೆ ಅಂತ ಮೊನ್ನೆ ನಿಮ್ಮ ಪುರವಣಿಯಲ್ಲಿ ಓದಿದೆ. ಅಂಧೇರಿಯ ಪುಟ್ಟ ಕೋಣೆಯೊಂದರಲ್ಲಿ ಭಜನೆ, ಯಕ್ಷಗಾನದ ರೆಕಾರ್ಡಿಂಗ್ ಮಿಕ್ಸ್ ಮಾಡಿ ಹೊಟ್ಟೆ ಹೊರೆಯುವವನು ನಾನು. ಅದಕ್ಕೇ ಈ ಪತ್ರ.

ಆ ಮಾತು ಪೂರ್ತಿ ಸುಳ್ಳಲ್ಲ. ಕಂಪ್ಯೂಟರ್‌ನಲ್ಲಿ ಟ್ರ್ಯಾಕ್‌ಗಳನ್ನು (ಒಂದೊಂದು ವಾದ್ಯದ, ಗಾಯಕರ ಬೇರೆ ಬೇರೆ ರೆಕಾರ್ಡಿಂಗ್) ಸೇರಿಸುವುದು ಅಂದರೆ ಬರೀ ಕೂಡುವ ಲೆಕ್ಕ. ಹಳೇ ಕನ್ಸೋಲ್‌ನಲ್ಲಿ, ಅಂದರೆ ಸ್ಟುಡಿಯೊದ ದೊಡ್ಡ ಮಿಕ್ಸಿಂಗ್ ಯಂತ್ರದಲ್ಲಿ, ಧ್ವನಿ ಟ್ರಾನ್ಸ್‌ಫಾರ್ಮರ್, ಟ್ರಾನ್ಸಿಸ್ಟರ್‌ಗಳನ್ನು ದಾಟಿ ಬರಬೇಕು. ಲೆವೆಲ್ ಏರಿಸಿದಂತೆ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು ಫ್ರೀಕ್ವೆನ್ಸಿಯ ಎಳೆಗಳು ಸಣ್ಣಗೆ ಸೇರಿಕೊಳ್ಳುತ್ತವೆ, ಪಕ್ಕದ ಚಾನೆಲ್‌ನ (ಒಂದೊಂದು ಟ್ರ್ಯಾಕ್‌ಗೆ ಇರುವ ದಾರಿ) ಸದ್ದು ಚೂರು ಸೋರುತ್ತದೆ, ಮೇಲೊಂದಿಷ್ಟು ಹಿಸ್ ಅನ್ನುವ ಸಣ್ಣ ಸದ್ದು. ಒಳಗಿನ ರೆಸಿಸ್ಟರ್, ಕೆಪಾಸಿಟರ್‌ಗಳ ಅಳತೆ ಶೇ 5, ಕೆಲವೊಮ್ಮೆ ಶೇ 20ರಷ್ಟು ಆಚೀಚೆ ಇರುವುದರಿಂದ ಒಂದೇ ಕನ್ಸೋಲ್‌ನ ಎರಡು ಚಾನೆಲ್ ಕೂಡ ಒಂದೇ ಥರ ಕೇಳಿಸುವುದಿಲ್ಲ. ಬ್ರೇನ್‌ವರ್ಕ್ಸ್ ಕಂಪನಿ ಈ ವ್ಯತ್ಯಾಸವನ್ನೇ ಲೆಕ್ಕ ಹಾಕಿ, ಒಂದೊಂದೂ ಸ್ವಲ್ಪ ಬೇರೆಯಾದ 72 ಚಾನೆಲ್‌ಗಳನ್ನು ಪ್ಲಗಿನ್‌ನಲ್ಲಿ, ಅಂದರೆ ಮಿಕ್ಸಿಂಗ್ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್‌ನಲ್ಲಿ, ಕೊಟ್ಟಿದೆ. ಒಂದು ಟ್ರ್ಯಾಕ್‌ಗೆ ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಎಲ್ಲ ಟ್ರ್ಯಾಕ್‌ಗೂ ಹಾಕಿ, ಕೇಳಿ.

ಆದರೆ ನಮ್ಮ ಹುಡುಗರು ಮೀಟರ್ ತುದಿ ಮುಟ್ಟುವಷ್ಟು ಧ್ವನಿ ಏರಿಸಿ ಆಮೇಲೆ ಪ್ಲಗಿನ್ ಹಾಕುತ್ತಾರೆ. ಇವುಗಳಲ್ಲಿ ಹೆಚ್ಚಿನವು ಮೈನಸ್ 18 ಡಿಬಿ (ಮೀಟರ್ ತುದಿಗಿಂತ 18 ಡೆಸಿಬೆಲ್ ಕೆಳಗೆ) ಸುತ್ತಮುತ್ತ ಸರಿಹೋಗುವಂತೆ ಮಾಡಿದ್ದು. ಅಷ್ಟು ಏರಿಸಿದರೆ ಚೆಂಡೆಯ ಪೆಟ್ಟು ಒಡಕು ಮಡಕೆ ಬಡಿದ ಹಾಗಾಗುತ್ತದೆ, ಆಮೇಲೆ ಸಾಫ್ಟ್‌ವೇರ್‌ಗೆ ಬೈಗುಳ! ಇನ್ನು ಕೆಲವರು ಪ್ಲಗಿನ್ ಹಾಕಿದಾಗ ಸದ್ದು ಚೂರು ಜಾಸ್ತಿ ಆಯ್ತು ಅಂತಷ್ಟಕ್ಕೇ ಖುಷಿಪಡುತ್ತಾರೆ. ಸುಮ್ನೆ ಸದ್ದು ಏರಿಸುವ ಫೇಡರ್ ಎತ್ತಿದ್ದರೂ ಸಾಕಿತ್ತು, ಅಲ್ವಾ?

ನನ್ನ ತಕರಾರು ಬೇರೆಯೇ ಇದೆ. ಪ್ಲಗಿನ್ ಕಂಪನಿಗಳು ಮತ್ತೆ ಮತ್ತೆ ಮಾರುವುದು 1970ರ ದಶಕದ ನೀವ್ 1073, ಎಸ್‌ಎಸ್‌ಎಲ್ 4000, ಎಪಿಐ ಇಂಥ ಹೆಸರಾಂತ ಸ್ಟುಡಿಯೊ ಯಂತ್ರಗಳ ನಕಲು. ಇಂಗ್ಲೆಂಡ್, ಅಮೆರಿಕದಲ್ಲಿ ಚೆನ್ನಾಗಿ ನೋಡಿಕೊಂಡ ಯಂತ್ರಗಳು ಅವು. ನಮ್ಮ ಮುಂಬೈಯ ಕನ್ಸೋಲ್‌ಗಳು ವರ್ಷಗಟ್ಟಲೆ ಸಮುದ್ರದ ತೇವ ಕುಡಿದಿವೆ, ಒರಿಜಿನಲ್ ಕೆಪಾಸಿಟರ್ ಸಿಗದೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಕ್ಕಿದ್ದನ್ನು ಹಾಕಿಸಿಕೊಂಡಿವೆ. ಅವುಗಳ ಧ್ವನಿಯೇ ಬೇರೆ. ಕಳೆದ ಮಳೆಗಾಲ ನಮ್ಮ ಗಲ್ಲಿಯ ಸ್ಟುಡಿಯೊ ಒಂದು ಮುಚ್ಚಿತು. ಗುಜರಿ ಕೊಳ್ಳುವ ಭಂಗಾರ್‌ನವನು ಕನ್ಸೋಲ್‌ನ ಚಾನೆಲ್ ಪಟ್ಟಿಗಳನ್ನು ಒಂದೊಂದಾಗಿ ಕಿತ್ತು, ಟ್ರಾನ್ಸ್‌ಫಾರ್ಮರ್‌ಗಳನ್ನು ತಾಮ್ರಕ್ಕಾಗಿ ಬೇರೆ ಮಾಡಿ, ತಕ್ಕಡಿಗೆ ಹಾಕುತ್ತಿದ್ದ. ಫೇಡರ್ ಕೆಳಗೆ ಅಂಟಿಸಿದ ಟೇಪಿನ ಮೇಲೆ 'ಢೋಲಕ್', 'ಕೋರಸ್ 2' ಅಂತ ಯಾರೋ ಪೆನ್ನಲ್ಲಿ ಬರೆದದ್ದು ಹಾಗೇ ಇತ್ತು.

ಸ್ಟುಡಿಯೊದವರೇ, ಕಿತ್ತು ಹಾಕಿ, ಬೇಡ ಅನ್ನುವುದಿಲ್ಲ. ಜಾಗಕ್ಕೆ ಬಾಡಿಗೆ ಎಷ್ಟು ಅಂತ ನನಗೂ ಗೊತ್ತು. ಆದರೆ ಅದಕ್ಕೆ ಮುಂಚೆ ಒಂದು ದಿನ ಬಿಟ್ಟುಕೊಡಿ. ಒಳ್ಳೇ ಆಡಿಯೊ ಇಂಟರ್‌ಫೇಸ್‌ನಿಂದ (ಕಂಪ್ಯೂಟರ್‌ಗೂ ಕನ್ಸೋಲ್‌ಗೂ ನಡುವೆ ಧ್ವನಿ ದಾಟಿಸುವ ಪೆಟ್ಟಿಗೆ) ಪರೀಕ್ಷೆಯ ಟೋನ್‌ಗಳನ್ನು ಕಡಿಮೆಯಿಂದ ಜೋರಿನವರೆಗೆ ಬೇರೆ ಬೇರೆ ಲೆವೆಲ್‌ನಲ್ಲಿ ಕಳಿಸಿ, ಹೊರಬಂದದ್ದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು. ಒಂದೇ ಲೆವೆಲ್‌ನಲ್ಲಿ ತೆಗೆದರೆ ಪ್ರಯೋಜನವಿಲ್ಲ, ಧ್ವನಿಗೆ ಬಣ್ಣ ಬರುವುದೇ ಏರಿಸಿದಾಗ. ಏನನ್ನೂ ಕಳಿಸದೆ ಬರೀ ಹಿಸ್ ಒಂದಿಷ್ಟು, ಪಕ್ಕದ ಖಾಲಿ ಚಾನೆಲ್‌ಗೆ ಸೋರಿದ್ದು ಒಂದಿಷ್ಟು. ಇಟಲಿಯ ಅಕುಸ್ಟಿಕಾ ಕಂಪನಿಯ ನೆಬ್ಯುಲಾದಂಥ ಸಾಫ್ಟ್‌ವೇರ್ ಹೀಗೆ ರೆಕಾರ್ಡ್ ಮಾಡಿದ ಟೋನ್‌ಗಳ ಸ್ಯಾಂಪಲ್‌ಗಳಿಂದಲೇ ಯಂತ್ರದ ಧ್ವನಿಯನ್ನು ನಕಲು ಮಾಡುತ್ತದೆ, ಸ್ಯಾಂಪಲ್ ತೆಗೆಯುವುದನ್ನು ನಾವೇ ಕಲಿಯಬಹುದು.

ದಯವಿಟ್ಟು ಇದನ್ನು ಮುಂಬೈ ಪುಟದಲ್ಲೇ ಹಾಕಿ. ಪುರವಣಿಯಲ್ಲಿ ಹಾಕಿದರೆ ಸ್ಟುಡಿಯೊದವರು ನೋಡುವಷ್ಟರಲ್ಲಿ ಭಂಗಾರ್‌ನವನು ಬಂದು ಹೋಗಿರುತ್ತಾನೆ.

ನಿಮ್ಮ ಓದುಗ,
ಅಂಧೇರಿ, ಮುಂಬೈ