ಮತ್ತೆ ಶಿಷ್ಯನಾದ ಸ್ವಿಂಗ್ ದೊರೆ

ಪ್ರೀತಿಯ ಗೆಳೆಯ,

ಕೊಳಲಿನ ಹೊಸ ಗುರುಗಳು ನಿನಗೆ ತುಟಿ ಇಡುವ ರೀತಿಯನ್ನೇ ಬದಲಿಸು ಅಂದರಂತೆ. ಹದಿನೈದು ವರ್ಷ ನುಡಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಅಂತ ಬೇಜಾರಿನಲ್ಲಿ ಬರೆದಿದ್ದೀಯ. ಓದಿದಾಗ ನನಗೆ ಥಟ್ಟನೆ ನೆನಪಾದವರು, ಕುಣಿಸುವ ಲಯದ ಜಾಝ್ ಆದ 'ಸ್ವಿಂಗ್'ನ ದೊರೆ ಅನಿಸಿಕೊಂಡ ಅಮೆರಿಕದ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್.

ಶಿಕಾಗೋದ ಬಡ ಯಹೂದಿ ವಲಸಿಗರ ಮನೆ. ಹನ್ನೆರಡು ಮಕ್ಕಳಲ್ಲಿ ಒಂಬತ್ತನೆಯವರು, ಹುಟ್ಟಿದ್ದು 1909ರಲ್ಲಿ. ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಹುಡುಗರಿಗೆ ವಾದ್ಯ ಹಂಚುವಾಗ ದೊಡ್ಡ ಮೈಯ ಅಣ್ಣನಿಗೆ ಟ್ಯೂಬಾ ಎಂಬ ಭಾರೀ ಹಿತ್ತಾಳೆ ವಾದ್ಯ ಸಿಕ್ಕಿತು. ಚಿಕ್ಕವನಾದ ಬೆನ್ನಿಯ ಪಾಲಿಗೆ ಬಂದದ್ದು ಊದುವ ಕೊಳವೆ ವಾದ್ಯ ಕ್ಲಾರಿನೆಟ್. ನಮ್ಮ ಪುಣ್ಯ ಅಲ್ವಾ!

1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅವರ ಬ್ಯಾಂಡಿನ ಕಛೇರಿ. ಬಿಳಿಯರು, ಕರಿಯರು ಒಂದೇ ವೇದಿಕೆ ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಕರಿಯ ವಾದಕರಾದ ಟೆಡ್ಡಿ ವಿಲ್ಸನ್, ಲಯನಲ್ ಹ್ಯಾಂಪ್ಟನ್ ಇಬ್ಬರನ್ನೂ ಪಕ್ಕದಲ್ಲಿಟ್ಟುಕೊಂಡು ನುಡಿಸಿದರು. ಆ ರಾತ್ರಿ ನುಡಿಸಿದ 'ಸಿಂಗ್, ಸಿಂಗ್, ಸಿಂಗ್' ಎಂಬ ಕೃತಿಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಜೀನ್ ಕ್ರೂಪಾ ಡ್ರಮ್ಸ್ ಬಡಿಯುತ್ತಲೇ ಇರುತ್ತಾರೆ. ಅದರ ಮೇಲೆ ಗುಡ್‌ಮನ್ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ತುದಿಯ ಸ್ವರವನ್ನು ಕೂಗಿಸುವುದಿಲ್ಲ, ಉಸಿರಿನಷ್ಟು ಮೆಲ್ಲಗೆ ಮುಟ್ಟಿ ಬಿಡುತ್ತಾರೆ. ಆಮೇಲೆ ಸುಮ್ಮನಾಗಿ ಜೆಸ್ ಸ್ಟೇಸಿಯ ಪಿಯಾನೋಗೆ ಜಾಗ ಕೊಡುತ್ತಾರೆ. ಅಷ್ಟು ಗದ್ದಲದ ನಡುವೆ ಆ ಪಿಯಾನೋ ಒಂದು ಪ್ರಾರ್ಥನೆಯ ಹಾಗೆ ಕೇಳುತ್ತದೆ.

ಇಷ್ಟೆಲ್ಲ ಹೆಸರು ಮಾಡಿದವರು ನಲವತ್ತರ ಹೊತ್ತಿಗೆ ಏನು ಮಾಡಿದರು ಗೊತ್ತಾ? ಇಂಗ್ಲೆಂಡಿನ ಕ್ಲಾರಿನೆಟ್ ವಾದಕ ರೆಜಿನಾಲ್ಡ್ ಕೆಲ್ ಅವರ ಹತ್ತಿರ ಪಾಠಕ್ಕೆ ಹೋದರು. ಅಲ್ಲಿಯವರೆಗೆ ಮೇಲಿನ ಹಲ್ಲನ್ನು ವಾದ್ಯದ ಬಾಯಿಗೆ ತಾಗಿಸಿ ಊದುತ್ತಿದ್ದರು. ಅದನ್ನು ಬಿಟ್ಟು ಎರಡೂ ತುಟಿಗಳ ನಡುವೆ ಹಿಡಿಯುವುದನ್ನು ಕಲಿತರು. ಬೆರಳಿಡುವ ಕ್ರಮವನ್ನೂ ಬದಲಿಸಿದರು. ವರ್ಷಗಟ್ಟಲೆ ಊದಿ ಬೆರಳಿಗೆ ಕಟ್ಟಿದ್ದ ಜಡ್ಡನ್ನೂ ತೆಗೆಸಿಕೊಂಡರಂತೆ.

ಹೊಸ ನಾದ ಹಳೆಯದಕ್ಕಿಂತ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ನನ್ನ ಕಿವಿಗೆ 1938ರ ಗುಡ್‌ಮನ್ನೇ ಇಷ್ಟ. ಆದರೆ ಆ ಮನುಷ್ಯನ ಮೇಲೆ ಗೌರವ ಜಾಸ್ತಿಯಾಗಿದ್ದು ಈ ಪಾಠದ ವಿಷಯ ತಿಳಿದ ಮೇಲೆ. ಲೋಕವೆಲ್ಲ ಚಪ್ಪಾಳೆ ತಟ್ಟಿದ ಊದನ್ನೇ ಬದಿಗಿಟ್ಟು ಬಿಡಿ ಸ್ವರಗಳಿಂದ ಶುರು ಮಾಡಿದಾಗ ಆ ಮನೆಯಲ್ಲಿ ಎಂಥ ಅಪಸ್ವರಗಳು ಕೇಳಿಬಂದಿರಬಹುದು, ಯೋಚಿಸು.

ಈ ಭಾನುವಾರ ಸಾಧನೆ ಮುಗಿದ ಮೇಲೆ ಆ ಹನ್ನೆರಡು ನಿಮಿಷದ 'ಸಿಂಗ್, ಸಿಂಗ್, ಸಿಂಗ್' ಕೇಳು. ಇಯರ್‌ಫೋನ್ ಹಾಕಿಕೋ. ಪಿಯಾನೋ ಮುಗಿದ ಕೂಡಲೇ ನನಗೆ ಫೋನ್ ಮಾಡು.

ನಿನ್ನ ಗೆಳೆಯ