‘ನಿಗಾ’ ಎಂಬ ಒಂದೇ ಮಾತು ಸಾಲದು

ಮಾನ್ಯ ಸಂಪಾದಕರಿಗೆ,

ಮಳೆಗಾಲ ಬಂತೆಂದರೆ ‘ಅಧಿಕಾರಿಗಳು ಪರಿಸ್ಥಿತಿಯ ಮೇಲೆ ತೀವ್ರ ನಿಗಾ ವಹಿಸಿದ್ದಾರೆ’ ಎಂಬ ವಾಕ್ಯ ನಿಮ್ಮ ಪತ್ರಿಕೆಯೂ ಸೇರಿದಂತೆ ಕನ್ನಡ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಇಂಗ್ಲಿಷಿನ ‘ಮಾನಿಟರ್’ ಎಂಬ ಕ್ರಿಯಾಪದ ಇಲಾಖೆಯ ಪ್ರಕಟಣೆಯಲ್ಲಿ ಎಲ್ಲಿ ಬಂದರೂ ‘ನಿಗಾ’ ಎಂದು ಬರೆದು ಮುಂದೆ ಸಾಗುವ ರೂಢಿಯಿಂದ, ಓದುಗರಿಗೆ ಅತ್ಯಗತ್ಯವಾಗಿ ಬೇಕಾದ ವಿವರವೇ ಸುದ್ದಿಯಿಂದ ಬಿಟ್ಟುಹೋಗುತ್ತಿದೆ.

‘ಮಾನಿಟರ್’ ಪದದ ಲ್ಯಾಟಿನ್ ಮೂಲಕ್ಕೆ ‘ಎಚ್ಚರಿಸುವವನು’ ಎಂಬ ಅರ್ಥವಿದೆ. ಇಂಗ್ಲಿಷಿನಲ್ಲಿ ಅದು ಬಹುಕಾಲ ತರಗತಿಯ ಹೊಣೆ ಹೊತ್ತ ಹಿರಿಯ ವಿದ್ಯಾರ್ಥಿಯ ಹೆಸರಾಗಿತ್ತು. 18ನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್ ಮದರಾಸಿನ ಶಾಲೆಯಲ್ಲಿ ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಪಾಠ ಹೇಳಿಸಿದ ಪದ್ಧತಿ ಮುಂದೆ ಬ್ರಿಟನ್ನಿನಲ್ಲೂ ಹರಡಿದಾಗ ಈ ಹೆಸರು ಇನ್ನಷ್ಟು ಬಳಕೆಗೆ ಬಂತು. ಕ್ರಿಯಾಪದದ ಈಗಿನ ಅರ್ಥ ಬೇರೂರಿದ್ದು 20ನೆಯ ಶತಮಾನದಲ್ಲಿ, ಮೊದಲಿಗೆ ಧ್ವನಿಸಂಕೇತಗಳ ಗುಣಮಟ್ಟವನ್ನು ಪರೀಕ್ಷಿಸುವ ಕೆಲಸಕ್ಕೆ. ಆಸ್ಪತ್ರೆಯ ಮಂಚದ ಪಕ್ಕದ ಮಾನಿಟರ್ ಕೂಡ ನಾಡಿಬಡಿತ, ರಕ್ತದ ಆಮ್ಲಜನಕಗಳನ್ನು ತೋರಿಸುವುದಷ್ಟೇ ಅಲ್ಲ, ಗೊತ್ತುಮಾಡಿದ ಮಿತಿ ದಾಟಿದೊಡನೆ ಸದ್ದು ಮಾಡಿ ದಾದಿಯನ್ನು ಕರೆಯುತ್ತದೆ. ಅಳೆಯುವುದು, ಮಿತಿಯೊಂದಿಗೆ ಹೋಲಿಸುವುದು, ಎಚ್ಚರಿಸುವುದು, ಮೂರೂ ಆ ಪದದ ಒಳಗಿವೆ. ಪಾರ್ಸಿಯಿಂದ ಬಂದ ನಮ್ಮ ‘ನಿಗಾ’ಕ್ಕೆ ಮೂಲದಲ್ಲಿ ಇರುವ ಮುಖ್ಯ ಅರ್ಥ ‘ನೋಟ’.

ಕನ್ನಡದಲ್ಲಿ ಪದಗಳಿಗೆ ಬಡತನವಿಲ್ಲ. ಕೆಡುಕು ಬಗೆದು ಕಾದಿದ್ದರೆ ಹೊಂಚು ಹಾಕುವುದು, ಗುಟ್ಟಾಗಿ ಸುದ್ದಿ ಸಂಗ್ರಹಿಸಿದರೆ ಬೇಹು, ಕಳವಾಗದಂತೆ ನಿಂತರೆ ಕಾವಲು, ಕೆಲಸ ಮಾಡಿಸುವ ಅಧಿಕಾರವಿದ್ದರೆ ಉಸ್ತುವಾರಿ, ಅಕ್ಕರೆಯಿಂದ ಗಮನವಿಟ್ಟರೆ ನೋಡಿಕೊಳ್ಳುವುದು. ಹಳ್ಳಿಯವರು ಈ ಭೇದಗಳನ್ನು ತಪ್ಪದೆ ಪಾಲಿಸುತ್ತಾರೆ. ‘ಮಕ್ಕಳ ಮೇಲೆ ನಿಗಾ ಇಡಿ’ ಎಂದು ಪತ್ರಿಕೆ ಬರೆದರೆ ಪೊಲೀಸರ ಮಾತಿನಂತೆ ಕೇಳುತ್ತದೆ. ‘ಮಕ್ಕಳನ್ನು ನೋಡಿಕೊಳ್ಳಿ’ ಎಂದರೆ ಸಾಕು.

ಹಾಗೆಂದು ಬರೀ ಪದ ಬದಲಿಸಿದರೆ ಸಮಸ್ಯೆ ತೀರುವುದಿಲ್ಲ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ಅಣೆಕಟ್ಟೆ ಆ ಮಟ್ಟಕ್ಕೆ ಸಮೀಪಿಸಿ, ಕೊಡಗಿನಲ್ಲಿ ಮಳೆ ಬಿಡದಿರುವಾಗ, ಶ್ರೀರಂಗಪಟ್ಟಣದ ನದಿದಂಡೆಯಲ್ಲಿರುವ ನಮ್ಮಂಥವರಿಗೆ ‘ನಿಗಾ ವಹಿಸಲಾಗಿದೆ’ ಎಂಬ ಸುದ್ದಿಯಿಂದ ಏನೂ ತಿಳಿಯದು. ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು, ಮಟ್ಟವನ್ನು ಎಷ್ಟು ಹೊತ್ತಿಗೊಮ್ಮೆ ಓದುತ್ತಿದ್ದಾರೆ, ಹೊರಹರಿವು ಎಷ್ಟಕ್ಕೆ ಏರಿದರೆ ತಗ್ಗಿನ ಮನೆಗಳವರು ಜಾಗ ಬಿಡಬೇಕು, ಆ ಮಾತನ್ನು ಯಾರು ಬಂದು ಹೇಳುತ್ತಾರೆ ಎಂಬುದು ನಮಗೆ ಬೇಕು. ಎಮ್ಮೆ ಕಟ್ಟಿದ ಕೊಟ್ಟಿಗೆ, ಹೊಳೆಯಂಚಿನ ಪಂಪ್‌ಸೆಟ್ಟು ಇವೆಲ್ಲ ಆ ಕೆಲವು ಗಂಟೆಗಳ ತಿಳಿವಳಿಕೆಯನ್ನೇ ನಂಬಿಕೊಂಡಿರುತ್ತವೆ. ಇಲಾಖೆಯ ಪ್ರಕಟಣೆಯಲ್ಲಿ ಈ ವಿವರ ಇಲ್ಲದಿದ್ದಾಗ ವರದಿಗಾರರು ಕೇಳಿ ಪಡೆಯಬೇಕು. ‘ವಹಿಸಲಾಗಿದೆ’ ಎಂಬ ಕರ್ಮಣಿ ಪ್ರಯೋಗದಲ್ಲಿ ಹೊಣೆ ಹೊತ್ತವರು ಯಾರೆಂಬುದೇ ಮರೆಯಾಗುತ್ತದೆ.

ಇದೇ ತೊಡಕು ‘ವೀಕ್ಷಕ’ರ ವಿಷಯದಲ್ಲೂ ಇದೆ. ಟಿವಿ ನೋಡುವವರೂ ವೀಕ್ಷಕರು, ಚುನಾವಣಾ ಆಯೋಗ ಕಳಿಸುವ ಅಧಿಕಾರಿಗಳೂ ವೀಕ್ಷಕರು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಮತಗಟ್ಟೆ ವಶದಂಥ ಸಂದರ್ಭಗಳಲ್ಲಿ ಮತ ಎಣಿಕೆಯನ್ನೇ ನಿಲ್ಲಿಸುವಂತೆ ನಿರ್ದೇಶಿಸುವ ಅಧಿಕಾರ ಎರಡನೆಯವರಿಗಿದೆ ಎಂಬುದನ್ನು ಚುನಾವಣೆಯ ಸಮಯದಲ್ಲಿ ಒಂದು ಸಾಲಿನಲ್ಲಾದರೂ ಹೇಳುವುದು ಒಳ್ಳೆಯದು.

ಆದ್ದರಿಂದ, ಮುಂಬರುವ ಮಳೆಗಾಲದಲ್ಲಿ ಜಲಾಶಯದ ವರದಿಗಳ ಜೊತೆಗೆ ಒಳಹರಿವು, ಹೊರಹರಿವು, ಎಚ್ಚರಿಕೆಯ ಮಿತಿ ಮತ್ತು ಆ ಹೊತ್ತಿನ ಹೊಣೆಯಲ್ಲಿರುವ ಅಧಿಕಾರಿಯ ಹುದ್ದೆ, ಇಷ್ಟನ್ನು ಪುಟ್ಟ ಚೌಕಟ್ಟಿನಲ್ಲಿ ಪ್ರತಿದಿನ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಶ್ರೀರಂಗಪಟ್ಟಣ